ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಎಷ್ಟು ದೂರ? ನಾವೇ ಲೆಕ್ಕ ಹಾಕುವುದು ಹೇಗೆ?

ಓದುಗರ ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಎರಡು ವರ್ಷದ ಹಿಂದೆ ಮಗಳ ಮನೆಗೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನದಲ್ಲಿ ಹೋಗಿದ್ದೆ. ಈಗ ಮೊಮ್ಮಗ ಶಾಲೆಯ ಪ್ರಾಜೆಕ್ಟಿಗೆ ಆ ದೂರ ಕೇಳುತ್ತಿದ್ದಾನೆ. ಹುಡುಕಿದರೆ ಒಂದು ಕಡೆ 13,988 ಕಿ.ಮೀ., ಇನ್ನೊಂದು ಕಡೆ 13,993, ಮತ್ತೊಂದು ಕಡೆ 14,003 ಎಂದಿದೆ. ವಿಮಾನದ ಸೀಟಿನ ಮುಂದಿನ ಪರದೆ ತೋರಿಸಿದ್ದು ಇವೆಲ್ಲಕ್ಕಿಂತ ಜಾಸ್ತಿ ಇತ್ತು. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಎಲ್ಲಿಗೋ ಹೋಗುತ್ತದೆ. ಯಾವುದು ಸರಿ? ಕ್ಯಾಲ್ಕುಲೇಟರ್ ಹಿಡಿದು ನಾನೇ ಲೆಕ್ಕ ಹಾಕಬಹುದೇ?

ಉತ್ತರ: ಖಂಡಿತ ಹಾಕಬಹುದು. ಹತ್ತನೇ ತರಗತಿಯ ತ್ರಿಕೋನಮಿತಿ ನೆನಪಿದ್ದರೆ ಐದು ನಿಮಿಷದ ಕೆಲಸ. ನೀವು ಬರೆದ ಮೊದಲ ಮೂರು ಸಂಖ್ಯೆಗಳೂ ಸರಿಯಾಗಿಯೇ ಇವೆ. ಪರದೆಯ ಸಂಖ್ಯೆಯೂ ಸುಳ್ಳಲ್ಲ, ಅದು ಬೇರೆ ಪ್ರಶ್ನೆಗೆ ಉತ್ತರ. ಸಂಪೂರ್ಣ ತಪ್ಪಾದದ್ದು ಸ್ಕೇಲಿನ ಅಳತೆ ಒಂದೇ. ಅಲ್ಲಿಂದಲೇ ಶುರು ಮಾಡೋಣ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ.

ಗೋಡೆಯ ನಕ್ಷೆಯಲ್ಲಿ ಸಾಮಾನ್ಯವಾಗಿ ಎಡಕ್ಕೆ ಅಮೆರಿಕ, ಬಲಕ್ಕೆ ಭಾರತ ಇರುತ್ತದೆ. ಬೆಂಗಳೂರು ನಿಲ್ದಾಣ ಇರುವುದು 77.706 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 122.375 ಡಿಗ್ರಿ ಪಶ್ಚಿಮದಲ್ಲಿ. ನಕ್ಷೆಯ ಮೇಲೆ ಎರಡರ ನಡುವೆ ಸುಮಾರು 200 ಡಿಗ್ರಿ ಅಂತರ ಕಾಣುತ್ತದೆ. ಅಕ್ಷಾಂಶದ ವ್ಯತ್ಯಾಸ 24 ಡಿಗ್ರಿ ಚಿಲ್ಲರೆ. ಪೈಥಾಗೊರಸ್ ಸೂತ್ರ ಹಾಕಿ, ಒಂದು ಡಿಗ್ರಿಗೆ 111 ಕಿ.ಮೀ. ಎಂದು ಗುಣಿಸಿದರೆ ಸುಮಾರು 22,400 ಕಿ.ಮೀ. ಬರುತ್ತದೆ. ಇದು ಸಾಧ್ಯವೇ ಇಲ್ಲದ ಸಂಖ್ಯೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದು. ಅಷ್ಟು ದೂರ ಹೋದರೆ ನೀವು ಭೂಮಿಯ ಆಚೆ ಬದಿಗೆ ತಲುಪಿರುತ್ತೀರಿ, ಮುಂದಿನ ಪ್ರತಿ ಹೆಜ್ಜೆಯೂ ವಾಪಸ್ ಬರುವ ಹೆಜ್ಜೆಯೇ. ಈ 20,000ದ ಗಡಿಯನ್ನು ನೆನಪಿಡಿ. ಯಾವುದೇ ಉತ್ತರ ಇದನ್ನು ದಾಟಿದರೆ ಲೆಕ್ಕ ಎಲ್ಲೋ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಎಡಕ್ಕೆ ಬದಲು ಬಲಕ್ಕೆ, ಅಂದರೆ ಪೆಸಿಫಿಕ್ ಸಾಗರದ ಕಡೆಯಿಂದ ಅಳೆದರೆ ಅಂತರ 160 ಡಿಗ್ರಿಗೆ ಇಳಿಯುತ್ತದೆ. ಆಗಲೂ ಸಮತಟ್ಟು ಲೆಕ್ಕ 18,000 ಕಿ.ಮೀ. ಹತ್ತಿರ ಹೇಳುತ್ತದೆ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರ ಬಂದು ಧ್ರುವದಲ್ಲಿ ಸೇರುತ್ತವೆ. ಆದರೆ ನಕ್ಷೆ ಅವನ್ನು ಕೊನೆಯವರೆಗೂ ಸಮಾನ ಅಂತರದ ಗೆರೆಗಳಾಗಿ ಎಳೆದುಬಿಟ್ಟಿರುತ್ತದೆ. ಹತ್ತಿರದ ಊರುಗಳಿಗೆ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಬೆಂಗಳೂರು–ಮಂಗಳೂರು ನಿಲ್ದಾಣಗಳ ನಡುವಿನ 306 ಕಿ.ಮೀ.ಯನ್ನು, ರೇಖಾಂಶದ ವ್ಯತ್ಯಾಸಕ್ಕೆ ಅಕ್ಷಾಂಶದ ಕೊಸೈನ್ ಗುಣಿಸಿಕೊಂಡು, ಪೈಥಾಗೊರಸ್‌ನಿಂದಲೇ ಚೆನ್ನಾಗಿ ತೆಗೆಯಬಹುದು. ದೆಹಲಿಯವರೆಗೂ ಅದೇ ದಾರಿ ನಡೆಯುತ್ತದೆ. ಖಂಡ ದಾಟುವಾಗ ಮಾತ್ರ ಅದನ್ನು ಕೈಬಿಡಲೇಬೇಕು.

ಈಗ ಸರಿಯಾದ ದಾರಿ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಸೈಬೀರಿಯಾ, ಅಲಾಸ್ಕಾ ಮೇಲೆ ಕೂರುತ್ತದೆ. ಅದು ಕೂತ ಗೆರೆಯೇ ಮಹಾವೃತ್ತದ ತುಣುಕು. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವಂತೆ ಗೋಳವನ್ನು ಸರಿಯಾಗಿ ಎರಡು ಹೋಳು ಮಾಡಿದರೆ ಮೇಲ್ಮೈಯಲ್ಲಿ ಮೂಡುವ ವೃತ್ತಕ್ಕೆ ಮಹಾವೃತ್ತ ಎನ್ನುತ್ತಾರೆ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. 30 ಸೆಂಟಿಮೀಟರ್ ವ್ಯಾಸದ ಗ್ಲೋಬ್ ಆದರೆ ಒಂದು ಸೆಂಟಿಮೀಟರ್ ದಾರಕ್ಕೆ ಸುಮಾರು 425 ಕಿ.ಮೀ. ನಿಮ್ಮ ದಾರ ಸುಮಾರು 33 ಸೆಂಟಿಮೀಟರ್ ಬರಬೇಕು. ಗುಣಿಸಿ ನೋಡಿ, 14,000ದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸೂತ್ರಕ್ಕಿಂತ ಮೊದಲು ಮೊಮ್ಮಗನಿಂದ ಇದನ್ನು ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ದಾರ ಕೈಯಲ್ಲಿ ಜಾರಿ ಉತ್ತರಕ್ಕೆ ಹೋಗುವುದನ್ನು ಕಂಡ ಮಗುವಿಗೆ, ವಿಮಾನ ಯಾಕೆ ಹಿಮದ ಮೇಲೆ ಹಾರುತ್ತದೆ ಎಂದು ಮತ್ತೆ ವಿವರಿಸಬೇಕಿಲ್ಲ.

ಸೂತ್ರ ಹೀಗಿದೆ. ಎರಡು ನಿಲ್ದಾಣಗಳಿಂದ ಭೂಮಿಯ ಕೇಂದ್ರಕ್ಕೆ ಗೆರೆ ಎಳೆದರೆ ಅಲ್ಲಿ ಒಂದು ಕೋನ ಆಗುತ್ತದೆ ಅಲ್ವಾ? ಮೊದಲು ಆ ಕೋನ ಬೇಕು.

ಕೊಸೈನ್ (ಕೋನ) = ಸೈನ್ (ಮೊದಲ ಅಕ್ಷಾಂಶ) × ಸೈನ್ (ಎರಡನೇ ಅಕ್ಷಾಂಶ) + ಕೊಸೈನ್ (ಮೊದಲ ಅಕ್ಷಾಂಶ) × ಕೊಸೈನ್ (ಎರಡನೇ ಅಕ್ಷಾಂಶ) × ಕೊಸೈನ್ (ರೇಖಾಂಶಗಳ ವ್ಯತ್ಯಾಸ)

ಬೆಂಗಳೂರು ನಿಲ್ದಾಣ: ಅಕ್ಷಾಂಶ 13.198 ಉತ್ತರ, ರೇಖಾಂಶ 77.706 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ: ಅಕ್ಷಾಂಶ 37.619 ಉತ್ತರ, ರೇಖಾಂಶ 122.375 ಪಶ್ಚಿಮ. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಮೈನಸ್ ಚಿಹ್ನೆ ಹಾಕಬೇಕು. ಆದ್ದರಿಂದ ರೇಖಾಂಶಗಳ ವ್ಯತ್ಯಾಸ 77.706 + 122.375 = 200.081. ಇದು 180 ದಾಟಿರುವುದರಿಂದ 360ರಲ್ಲಿ ಕಳೆಯಿರಿ, 159.919 ಉಳಿಯುತ್ತದೆ. ಕಳೆಯದೆ ಬಿಟ್ಟರೂ ಕೊಸೈನ್ ಒಂದೇ ಬರುತ್ತದೆ. ಆದರೆ ಕಳೆದರೆ ಹತ್ತಿರದ ದಾರಿ ಪೂರ್ವದ ಕಡೆಗಿದೆ ಎನ್ನುವುದು ಕಣ್ಣಿಗೆ ಕಾಣುತ್ತದೆ.

ಇನ್ನು ಬೆಲೆಗಳು. 13.198ರ ಸೈನ್ 0.2283, ಕೊಸೈನ್ 0.9736. 37.619ರ ಸೈನ್ 0.6104, ಕೊಸೈನ್ 0.7921. 159.919ರ ಕೊಸೈನ್ ಮೈನಸ್ 0.9392. ಮೊದಲ ಗುಣಲಬ್ಧ 0.1394. ಎರಡನೆಯದು ಮೈನಸ್ 0.7243. ಕೂಡಿದರೆ ಮೈನಸ್ 0.5849. ಯಾವ ಕೋನದ ಕೊಸೈನ್ ಇಷ್ಟಿದೆ? ಕ್ಯಾಲ್ಕುಲೇಟರಿನ ವಿಲೋಮ ಕೊಸೈನ್ ಗುಂಡಿ ಒತ್ತಿದರೆ 125.8 ಡಿಗ್ರಿ ಎನ್ನುತ್ತದೆ.

ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಸುತ್ತಳತೆ 40,030 ಕಿ.ಮೀ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111.195 ಕಿ.ಮೀ. ಅದಕ್ಕೆ 125.8 ಗುಣಿಸಿ. ಉತ್ತರ 13,988 ಕಿ.ಮೀ. ನಿಮ್ಮ ಮೊದಲ ಸಂಖ್ಯೆ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು.

ನಾನು ಕೆಲಸ ಮಾಡಿದ ಹಾರಾಟ ಯೋಜನೆಯ ವಿಭಾಗದಲ್ಲಿ ಕಿಲೋಮೀಟರ್ ಯಾರೂ ಬಳಸುವುದಿಲ್ಲ. ಅಲ್ಲಿ ಎಲ್ಲವೂ ನಾಟಿಕಲ್ ಮೈಲಿ. ಒಂದು ಡಿಗ್ರಿಯಲ್ಲಿ 60 ಮಿನಿಟು, ಒಂದು ಮಿನಿಟು ಸುಮಾರು ಒಂದು ನಾಟಿಕಲ್ ಮೈಲಿ. ಹಾಗಾಗಿ 125.8ನ್ನು 60ರಿಂದ ಗುಣಿಸಿದರೆ ಸಾಕು, 7,548 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್ ಎಂದು 1929ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತು ಮಾಡಿದರು.

ಈ ಲೆಕ್ಕದಲ್ಲಿ ಜನ ಮಾಡುವ ತಪ್ಪುಗಳು ಬೆರಳೆಣಿಕೆಯಷ್ಟು. ಆದರೆ ಒಂದೊಂದೂ ಉತ್ತರವನ್ನು ಎಲ್ಲೋ ಎಸೆದುಬಿಡುತ್ತದೆ. ಮೊದಲನೆಯದು ಮೈನಸ್ ಮರೆಯುವುದು. 122.375ಕ್ಕೆ ಮೈನಸ್ ಹಾಕದೆ ಬಿಟ್ಟರೆ ಉತ್ತರ ಸುಮಾರು 5,175 ಕಿ.ಮೀ. ಬರುತ್ತದೆ. ಸಂಖ್ಯೆ ನೋಡಲು ಚೆನ್ನಾಗಿಯೇ ಇರುತ್ತದೆ, ಸಂಶಯವೇ ಬರುವುದಿಲ್ಲ. ಆದರೆ ನೀವು ಅಳೆದದ್ದು ಚೀನಾದ ವೇಹೈ ನಗರದ ಪಕ್ಕದ ಹಳದಿ ಸಮುದ್ರಕ್ಕೆ. ಎರಡನೆಯದು ಮಿನಿಟುಗಳನ್ನು ದಶಮಾಂಶ ಎಂದುಕೊಳ್ಳುವುದು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಅಕ್ಷಾಂಶವನ್ನು ಹಲವು ಕಡೆ 37 ಡಿಗ್ರಿ 37 ಮಿನಿಟು ಎಂದು ಬರೆದಿರುತ್ತಾರೆ. ಅದು 37.37 ಅಲ್ಲ. 37ನ್ನು 60ರಿಂದ ಭಾಗಿಸಿ ಸೇರಿಸಬೇಕು, ಆಗ 37.617. ಈ ಒಂದು ಎಡವಟ್ಟಿನಿಂದ ನಿಲ್ದಾಣ ಸುಮಾರು 28 ಕಿ.ಮೀ. ದಕ್ಷಿಣಕ್ಕೆ ಜರುಗಿಬಿಡುತ್ತದೆ. ಮೂರನೆಯದು ರೇಡಿಯನ್, ಅಂದರೆ ಡಿಗ್ರಿಯಂತೆಯೇ ಕೋನ ಅಳೆಯುವ ಇನ್ನೊಂದು ಮಾನ. ಎಕ್ಸೆಲ್‌ನಲ್ಲಿ ಸೈನ್, ಕೊಸೈನ್ ಫಂಕ್ಷನ್‌ಗಳು ಕೋನವನ್ನು ರೇಡಿಯನ್‌ನಲ್ಲೇ ಕೇಳುತ್ತವೆ. ಸುಮ್ನೆ 13.198 ಎಂದು ಕೊಟ್ಟರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಮೊದಲು ರೇಡಿಯನ್ಸ್ ಎನ್ನುವ ಫಂಕ್ಷನ್‌ನಿಂದ ಡಿಗ್ರಿಯನ್ನು ಪರಿವರ್ತಿಸಿಕೊಳ್ಳಿ. ಫೋನಿನ ಕ್ಯಾಲ್ಕುಲೇಟರ್ ಆದರೆ ಅದು ಡಿಗ್ರಿ ಮೋಡ್‌ನಲ್ಲಿದೆಯೇ ಎಂದು ನೋಡಿಕೊಳ್ಳಿ.

ಹ್ಯಾವರ್‌ಸೈನ್ ಎನ್ನುವ ಇನ್ನೊಂದು ಸೂತ್ರವನ್ನೂ ನೀವು ನೋಡಿರಬಹುದು. ಹಳೆಯ ನಾವಿಕರ ಸೂತ್ರ ಅದು. ಒಂದೆರಡು ಕಿ.ಮೀ. ದೂರಕ್ಕೆ ಮೇಲಿನ ಕೊಸೈನ್ ಸೂತ್ರ ಬಳಸಿದರೆ ಕೋನ ತೀರಾ ಚಿಕ್ಕದಾಗಿ, ಕೊಸೈನ್ 0.99999ರ ಆಚೆ ಸಿಕ್ಕಿಕೊಳ್ಳುತ್ತದೆ. ಕೈಲೆಕ್ಕದ ಪಟ್ಟಿಗಳಲ್ಲಿ ಅಷ್ಟು ಸೂಕ್ಷ್ಮ ಬೆಲೆಗಳು ಸಿಗುತ್ತಿರಲಿಲ್ಲ. ಹ್ಯಾವರ್‌ಸೈನ್ ಆ ಕಷ್ಟ ತಪ್ಪಿಸಿತು. ದೂರದ ಊರುಗಳಿಗೆ ಎರಡೂ ಒಂದೇ ಉತ್ತರ ಕೊಡುತ್ತವೆ.

ಹಾಗಾದರೆ 14,003 ಎಲ್ಲಿಂದ ಬಂತು? ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378.137 ಕಿ.ಮೀ., ಧ್ರುವದಲ್ಲಿ 6,356.752 ಕಿ.ಮೀ. ಅಂದರೆ ನಡುವಿನಲ್ಲಿ ಸುಮಾರು 21 ಕಿ.ಮೀ. ಉಬ್ಬು. ಇಂದಿನ ಜಿಪಿಎಸ್ ನಂಬಿರುವ ಡಬ್ಲ್ಯೂಜಿಎಸ್ 84 ಮಾದರಿಯ ಅಳತೆಗಳು ಇವು. ಈ ಚಪ್ಪಟೆ ಆಕಾರವನ್ನು ಲೆಕ್ಕಕ್ಕೆ ತಗೊಂಡರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದೂರ 14,003 ಕಿ.ಮೀ. ಆಗುತ್ತದೆ. ಗೋಳದ ಲೆಕ್ಕಕ್ಕಿಂತ 15 ಕಿ.ಮೀ. ಹೆಚ್ಚು, ಅಂದರೆ ಸಾವಿರಕ್ಕೆ ಒಂದು ಪಾಲು. ಬೇರೆ ದಿಕ್ಕಿನ ದಾರಿಗಳಲ್ಲಿ ವ್ಯತ್ಯಾಸ ಸಾವಿರಕ್ಕೆ ಐದರವರೆಗೂ ಹೋಗಬಹುದು. 1975ರಲ್ಲಿ ಥ್ಯಾಡಿಯಸ್ ವಿನ್ಸೆಂಟಿ ಎನ್ನುವವರು ಪ್ರಕಟಿಸಿದ ವಿಧಾನವನ್ನು ಇದಕ್ಕೆ ಬಹಳ ಕಾಲ ಬಳಸಿದರು. ಭೂಮಿಯ ಸರಿಯಾಗಿ ಆಚೆ ಬದಿಯ ಸಮೀಪ ಇರುವ ಊರುಗಳಿಗೆ ಮಾತ್ರ ಅದು ಉತ್ತರಕ್ಕೆ ಬಾರದೆ ಸುತ್ತುತ್ತಲೇ ಇರುತ್ತಿತ್ತು. 2013ರಲ್ಲಿ ಚಾರ್ಲ್ಸ್ ಕಾರ್ನಿ ಅವರ ವಿಧಾನ ಬಂದ ಮೇಲೆ ಆ ತೊಂದರೆಯೂ ತೀರಿತು. ಇವನ್ನು ಕೈಯಲ್ಲಿ ಮಾಡುವುದು ಕಷ್ಟ, ಕಂಪ್ಯೂಟರಿಗೆ ಬಿಡಿ.

ಭೂಮಿಯ ಈ ಉಬ್ಬನ್ನು ಅಳೆಯುವ ಕೆಲಸಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಆಧಾರ ರೇಖೆಯೊಂದನ್ನು, ಅಂದರೆ ಮುಂದಿನ ತ್ರಿಕೋನಗಳ ಲೆಕ್ಕಕ್ಕೆಲ್ಲ ಬುನಾದಿಯಾಗುವ ನೇರ ಗೆರೆಯೊಂದನ್ನು, ಅಳೆದರು. ಎರಡು ವರ್ಷದ ನಂತರ ಮದ್ರಾಸ್‌ನಲ್ಲಿ ಇನ್ನೊಂದು ರೇಖೆ ಅಳೆದು, ಮುಂದೆ ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆ ಎಂದು ಹೆಸರಾದ ಕೆಲಸ ಶುರು ಮಾಡಿದರು. 78 ಡಿಗ್ರಿ ರೇಖಾಂಶದ ಗುಂಟ ದೇಶದ ದಕ್ಷಿಣ ತುದಿಯಿಂದ ಹಿಮಾಲಯದ ಬುಡದವರೆಗೆ ತ್ರಿಕೋನಗಳ ಸರಪಳಿ ಬೆಳೆಯಿತು. ಭೂಮಿಯ ನಿಜವಾದ ಆಕಾರ ತಿಳಿಯುವುದು ಆ ಸಮೀಕ್ಷೆಯ ಒಂದು ಮುಖ್ಯ ಗುರಿಯಾಗಿತ್ತು. ಲ್ಯಾಂಬ್ಟನ್ ನಂತರ ಅದನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಭೂಮಿಯ ಅಳತೆಯನ್ನೇ ನಮ್ಮ ದೇಶದ ನಕ್ಷೆಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಂಬಿದ್ದವು. ನಮ್ಮ ದೇವನಹಳ್ಳಿಯ ನಿಲ್ದಾಣ ಆ 78ನೇ ರೇಖೆಯಿಂದ 32 ಕಿ.ಮೀ. ಪಶ್ಚಿಮಕ್ಕಿದೆ, ಅಷ್ಟೆ.

ಉಳಿದದ್ದು 13,993. ಅದು ಏರ್ ಇಂಡಿಯಾ ಈ ಮಾರ್ಗ ಆರಂಭಿಸಿದಾಗ ಹೇಳಿದ ದೂರ. ಯಾವ ತ್ರಿಜ್ಯ ತಗೊಂಡಿರಿ, ನಿಲ್ದಾಣದ ಯಾವ ಬಿಂದುವಿನಿಂದ ಅಳೆದಿರಿ ಎನ್ನುವುದರ ಮೇಲೆ ಐದು ಹತ್ತು ಕಿ.ಮೀ. ಆಚೀಚೆ ಆಗುತ್ತದೆ. ನಾಲ್ಕು ಕಿ.ಮೀ. ಉದ್ದದ ರನ್‌ವೇಗಳಿರುವ ಜಾಗದಲ್ಲಿ ಮೀಟರ್ ಲೆಕ್ಕಕ್ಕೆ ಜಗಳ ಬೇಡ.

ಆ ಮೊದಲ ವಿಮಾನದ ಕಥೆ ಹೇಳಲೇಬೇಕು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 2021ರ ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದ ಬೋಯಿಂಗ್ 777 ಅದು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ನೇತೃತ್ವ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರದು. ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು. ಅದು ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ಎಂದು ಆಗಿನ ವರದಿಗಳು ಹೇಳಿದವು. ಅದನ್ನು ಓದಿ ಬಹಳ ಜನ, ಇವೆರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಧ್ರುವದ ಮೂಲಕವೇ ಹೋಗುತ್ತದೆ ಎಂದುಕೊಂಡರು. ಹಾಗಿಲ್ಲ. ಎರಡು ಊರುಗಳ ರೇಖಾಂಶಗಳ ನಡುವೆ ಸರಿಯಾಗಿ 180 ಡಿಗ್ರಿ ಇದ್ದಿದ್ದರೆ ಹತ್ತಿರದ ದಾರಿ ಧ್ರುವದ ನೆತ್ತಿಯ ಮೇಲೇ ಹೋಗುತ್ತಿತ್ತು. ಇಲ್ಲಿರುವುದು 160. ಹಾಗಾಗಿ ಮಹಾವೃತ್ತ 71 ಡಿಗ್ರಿ ಉತ್ತರದವರೆಗೆ ಏರಿ ಕೆಳಗಿಳಿಯುತ್ತದೆ.

ಧ್ರುವದ ಮೂಲಕ ಹೋದರೆ ಎಷ್ಟಾಗುತ್ತದೆ ಎಂದು ತಿಳಿಯಲು ಸೈನ್, ಕೊಸೈನ್ ಏನೂ ಬೇಡ. ಬೆಂಗಳೂರಿನಿಂದ ಧ್ರುವಕ್ಕೆ 90 ಕಳೆ 13.198, ಅಂದರೆ 76.802 ಡಿಗ್ರಿ. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 90 ಕಳೆ 37.619, ಅಂದರೆ 52.381. ಕೂಡಿಸಿ 111.195ರಿಂದ ಗುಣಿಸಿದರೆ 14,364 ಕಿ.ಮೀ. ಹತ್ತಿರದ ದಾರಿಗಿಂತ 376 ಕಿ.ಮೀ. ಮಾತ್ರ ಜಾಸ್ತಿ. ಗಾಳಿ ಅನುಕೂಲವಾಗಿದ್ದರೆ ಈ ಹೆಚ್ಚುವರಿ ದೂರ ಸುಲಭವಾಗಿ ಸರಿಹೋಗುತ್ತದೆ. ಮೊಮ್ಮಗನ ಪ್ರಾಜೆಕ್ಟಿಗೆ ಇದನ್ನೂ ಸೇರಿಸಿ, ತುಂಬಾ ಚೆನ್ನಾದ ಲೆಕ್ಕ.

ಈಗ ಸೀಟಿನ ಮುಂದಿನ ಪರದೆಗೆ ಬರೋಣ. ಅದು ತೋರಿಸುವುದು ವಿಮಾನ ನೆಲದ ಮೇಲೆ ನಿಜವಾಗಿ ಎಳೆದ ಗೆರೆಯ ಉದ್ದ. ಮಹಾವೃತ್ತದ ಮೇಲೆಯೇ ಹಾರಿದ್ದರೆ ನಿಮ್ಮ ವಿಮಾನ ಹೈದರಾಬಾದ್‌ನ ಪೂರ್ವಕ್ಕೆ ಹಾದು, ಪ್ರಯಾಗರಾಜ್ ಮತ್ತು ವಾರಾಣಸಿಯ ನಡುವೆ ಗಂಗೆ ದಾಟಿ, ನೇಪಾಳದ ಪೋಖರಾ ಪಕ್ಕದಲ್ಲಿ ಅನ್ನಪೂರ್ಣ ಶಿಖರಗಳ ಮೇಲಿಂದ ಟಿಬೆಟ್‌ಗೆ ನುಗ್ಗಬೇಕಿತ್ತು. ಅಲ್ಲಿಂದ ಪಶ್ಚಿಮ ಮಂಗೋಲಿಯಾ, ಸೈಬೀರಿಯಾ, ಪೂರ್ವ ಸೈಬೀರಿಯನ್ ಸಮುದ್ರ, ನಡು ಅಲಾಸ್ಕಾ, ಕೊನೆಗೆ ಪೆಸಿಫಿಕ್‌ನ ಅಂಚು. ಕಾಗದದ ಮೇಲೆ ಬಹಳ ಸುಂದರ ದಾರಿ. ಆದರೆ ಪ್ರಯಾಣಿಕರ ವಿಮಾನಗಳು ಟಿಬೆಟ್‌ನ ನಡುವೆ ಹಾರುವುದನ್ನು ಸಾಧ್ಯವಾದಷ್ಟು ತಪ್ಪಿಸುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಯಬೇಕು. ಅಷ್ಟರೊಳಗೆ ಇಳಿದರೆ ಮಾತ್ರ ಜನ ಆಮ್ಲಜನಕದ ಮುಖವಾಡ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್, ಅಂದರೆ ಸುಮಾರು 15,000 ಅಡಿ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ.

ಎರಡು ಎಂಜಿನ್‌ನ ವಿಮಾನಗಳಿಗೆ ಇನ್ನೊಂದು ಕಟ್ಟುಪಾಡಿದೆ. ಒಂದು ಎಂಜಿನ್ ನಿಂತರೆ ಇನ್ನೊಂದರ ಬಲದಲ್ಲೇ ಗೊತ್ತುಪಡಿಸಿದ ಸಮಯದೊಳಗೆ ಇಳಿಯಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಕೈಗೆಟುಕುವಂತಿರಬೇಕು. ಇದು ಬರೀ ಕಾಗದದ ನಿಯಮವಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಪ್ರಯಾಣಿಕರೆಲ್ಲ ಕ್ಷೇಮವಾಗಿದ್ದರು. ಅಂಥ ನಿಲ್ದಾಣ ದಾರಿಯ ಹತ್ತಿರ ಇರುವಂತೆ ನೋಡಿಕೊಳ್ಳುವುದಕ್ಕೇ ಯೋಜನೆ ಮಾಡುವವರು ಗೆರೆಯನ್ನು ಅಲ್ಲಿ ಇಲ್ಲಿ ಬಾಗಿಸುತ್ತಾರೆ.

ಮುಚ್ಚಿದ ಆಕಾಶಗಳೂ ದಾರಿಯನ್ನು ಉದ್ದ ಮಾಡುತ್ತವೆ. 2022ರ ಫೆಬ್ರವರಿ ನಂತರ ಅಮೆರಿಕದ ಮತ್ತು ಯುರೋಪ್ ಒಕ್ಕೂಟದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಊರುಗಳು ಅಲ್ಲೇ ಇವೆ, ಮಹಾವೃತ್ತದ ದೂರವೂ ಬದಲಾಗಿಲ್ಲ. ಹಾರಬೇಕಾದ ದೂರ ಮಾತ್ರ ಬೆಳೆಯಿತು.

ಎಲ್ಲಕ್ಕಿಂತ ದೊಡ್ಡ ಕಾರಣ ಗಾಳಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವ ಇರುವುದೇ ಇಲ್ಲಿ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎನ್ನುವ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ. ವಿಮಾನ ಹಾರುವುದು ಗಾಳಿಯೊಳಗೆ, ನೆಲದ ಮೇಲಲ್ಲ. ಒಂದು ಲೆಕ್ಕ ನೋಡಿ. 14,000 ಕಿ.ಮೀ. ದಾರಿ, ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಹಿಂದಿನಿಂದ ಸರಾಸರಿ 100 ಕಿ.ಮೀ. ಗಾಳಿ ತಳ್ಳಿದರೆ ನೆಲದ ಮೇಲಿನ ವೇಗ 1,000. ತಲುಪಲು 14 ಗಂಟೆ ಸಾಕು. ಆ 14 ಗಂಟೆಯಲ್ಲಿ ವಿಮಾನ ಗಾಳಿಯ ಮೂಲಕ ಹಾದುಹೋದದ್ದು 12,600 ಕಿ.ಮೀ. ಮಾತ್ರ. ಅದೇ ಗಾಳಿ ಎದುರಿಗೆ ಬಂದರೆ ವೇಗ 800ಕ್ಕೆ ಇಳಿದು ಹದಿನೇಳೂವರೆ ಗಂಟೆ ಬೇಕು. ಗಾಳಿಯಲ್ಲಿ ಹಾರಿದ ದೂರ 15,750 ಕಿ.ಮೀ. ಇಂಧನ ಖರ್ಚಾಗುವುದು ಈ ಗಾಳಿಯ ದೂರಕ್ಕೆ. ನೆಲದ ದೂರ ಎರಡು ಸಲವೂ ಒಂದೇ ಇದ್ದರೂ, ಗಾಳಿ ಎದುರಾಗುವ ದಿಕ್ಕಿಗೆ ಇನ್ನೂ ಮೂರು ಸಾವಿರ ಕಿ.ಮೀ.ಗಿಂತ ಹೆಚ್ಚು ಹಾರಿದಷ್ಟು ಹೆಚ್ಚುವರಿ ಇಂಧನ ಬೇಕು.

ಆದ್ದರಿಂದಲೇ ದೂರದ ಹಾರಾಟಕ್ಕೆ ಪ್ರತಿದಿನ ಹೊಸ ದಾರಿ ಹಾಕುತ್ತಾರೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗುವಾಗ ದಕ್ಷಿಣಕ್ಕೆ ಸರಿದು, ಪೂರ್ವ ಏಷ್ಯಾ ದಾಟಿ, ಪೆಸಿಫಿಕ್ ಮೇಲಿನ ಜೆಟ್ ಸ್ಟ್ರೀಮ್ ಹಿಡಿಯುವುದು ಲಾಭವಾಗಬಹುದು. ನೆಲದ ಮೇಲೆ ನೂರಾರು ಕಿ.ಮೀ. ಜಾಸ್ತಿ, ಆದರೆ ಬೇಗ ತಲುಪುತ್ತೀರಿ. ವಾಪಸ್ ಬರುವಾಗ ಆ ಗಾಳಿ ಎದುರಾಗದಂತೆ ತೀರಾ ಉತ್ತರಕ್ಕೆ ಹೋಗುವುದು ಮೇಲು. ಆ ಜನವರಿಯ ವಿಮಾನ ಧ್ರುವದ ಮೇಲೆ ಬಂದದ್ದನ್ನು ಈ ದೃಷ್ಟಿಯಿಂದ ನೋಡಿದರೆ ಅರ್ಥವಾಗುತ್ತದೆ. ಪರದೆಯಲ್ಲಿ ಕಂಡ ಸಂಖ್ಯೆ ಆ ಒಂದು ದಿನದ ಸಂಖ್ಯೆ. ಮರುದಿನ ಹೋದವರಿಗೆ ಬೇರೆ ಕಂಡಿರುತ್ತದೆ.

ಎತ್ತರದಿಂದ ದೂರ ಹೆಚ್ಚುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೆಚ್ಚುತ್ತದೆ, ಆದರೆ ಅಷ್ಟೇನಿಲ್ಲ. 11 ಕಿ.ಮೀ. ಎತ್ತರದಲ್ಲಿ ವೃತ್ತ ತುಸು ದೊಡ್ಡದು, 14,000 ಕಿ.ಮೀ.ಗೆ ಸುಮಾರು 24 ಕಿ.ಮೀ. ಕೂಡಿಕೊಳ್ಳುತ್ತದೆ.

ನಡುವೆ ವಿಮಾನ ಬದಲಿಸಿದರೆ ಪ್ರತಿ ತುಂಡನ್ನೂ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ. ಬೆಂಗಳೂರು–ಫ್ರಾಂಕ್‌ಫರ್ಟ್ 7,402 ಕಿ.ಮೀ., ಫ್ರಾಂಕ್‌ಫರ್ಟ್–ಸ್ಯಾನ್ ಫ್ರಾನ್ಸಿಸ್ಕೊ 9,149 ಕಿ.ಮೀ., ಒಟ್ಟು 16,551. ನೇರ ದೂರಕ್ಕಿಂತ ಎರಡೂವರೆ ಸಾವಿರ ಜಾಸ್ತಿ.

ಯಾವ ಸಂಖ್ಯೆ ಬಳಸಬೇಕು ಎನ್ನುವುದು ಕೆಲಸದ ಮೇಲೆ ನಿಂತಿದೆ. ಶಾಲೆಯ ಪ್ರಾಜೆಕ್ಟಿಗೆ 13,988 ಬರೆಯಿರಿ, ಪಕ್ಕದಲ್ಲಿ ತ್ರಿಜ್ಯ 6,371 ಎಂದೂ ಅಕ್ಷಾಂಶ, ರೇಖಾಂಶಗಳನ್ನೂ ನಮೂದಿಸಿ. ಮಗು ತಾನೇ ತೆಗೆದ ಉತ್ತರ ಅದು, ಶಿಕ್ಷಕರು ಬೇಕಾದರೆ ಮತ್ತೆ ಮಾಡಿ ನೋಡಬಹುದು. ಕಾನೂನಿಗೂ ಮಹಾವೃತ್ತವೇ ಬೇಕು. ವಿಮಾನ ತಡವಾದರೆ ಅಥವಾ ರದ್ದಾದರೆ ಪ್ರಯಾಣಿಕರಿಗೆ ಪರಿಹಾರ ಕೊಡುವ ಯುರೋಪ್ ಒಕ್ಕೂಟದ 2004ರ ನಿಯಮ ಇದೆಯಲ್ಲ, ಅದರಲ್ಲಿ ದೂರವನ್ನು ಮಹಾವೃತ್ತದ ಪ್ರಕಾರವೇ ಅಳೆಯಬೇಕು ಎಂದು ಬರೆದಿದೆ. 1,500 ಮತ್ತು 3,500 ಕಿ.ಮೀ. ಅದರಲ್ಲಿ ಪರಿಹಾರದ ಮೊತ್ತ ಬದಲಾಗುವ ಮೆಟ್ಟಿಲುಗಳು. ಒಂದೇ ಬುಕಿಂಗ್‌ನಲ್ಲಿ ವಿಮಾನ ಬದಲಿಸಿ ಹೋಗಿದ್ದರೂ ಹೊರಟ ಊರಿನಿಂದ ಕೊನೆಯ ಊರಿಗೆ ನೇರ ಗೆರೆಯನ್ನೇ ಅಳೆಯಬೇಕು ಎಂದು 2017ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಇಂಗಾಲದ ಹೊರೆ ಲೆಕ್ಕ ಹಾಕುವವರು ಮಾತ್ರ ಮಹಾವೃತ್ತಕ್ಕೆ ಸ್ವಲ್ಪ ಸೇರಿಸುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೆಕ್ಕದಲ್ಲಿ 5,500 ಕಿ.ಮೀ. ಮೀರಿದ ಪ್ರಯಾಣಕ್ಕೆ 125 ಕಿ.ಮೀ. ಕೂಡಿಸುತ್ತಾರೆ. ದಾರಿ ಬಾಗುವುದು, ಇಳಿಯುವ ಮುನ್ನ ಸುತ್ತು ಹೊಡೆಯುವುದು ಎಲ್ಲವೂ ಅದರೊಳಗೆ ಬಂತು ಎಂದು ಲೆಕ್ಕ.

ಎಕ್ಸೆಲ್‌ನಲ್ಲಿ ಸೂತ್ರ ಹಾಕಿದ ಮೇಲೆ ಮೊದಲು ಗೊತ್ತಿರುವ ದೂರಗಳಿಂದ ಪರೀಕ್ಷೆ ಮಾಡಿಕೊಳ್ಳಿ. ದೆಹಲಿ ನಿಲ್ದಾಣಕ್ಕೆ 28.567 ಉತ್ತರ, 77.103 ಪೂರ್ವ ಕೊಟ್ಟರೆ ಬೆಂಗಳೂರಿನಿಂದ ಸುಮಾರು 1,710 ಕಿ.ಮೀ. ಬರಬೇಕು. ಫ್ರಾಂಕ್‌ಫರ್ಟ್‌ಗೆ 50.033 ಉತ್ತರ, 8.571 ಪೂರ್ವ ಕೊಟ್ಟರೆ 7,402ರ ಹತ್ತಿರ. ಇವೆರಡು ಸರಿ ಬಂದು ಸ್ಯಾನ್ ಫ್ರಾನ್ಸಿಸ್ಕೊ ಮಾತ್ರ 5,000 ಚಿಲ್ಲರೆ ಎಂದರೆ ಮೈನಸ್ ಬಿಟ್ಟುಹೋಗಿದೆ. ಮೂರೂ ತಲೆಬುಡವಿಲ್ಲದೆ ಬಂದರೆ ರೇಡಿಯನ್ ಕಡೆ ನೋಡಿ.